ಮೈನ್ ಸಾಹೇಬರೂ ಮೆಲ್ಲಗೆ ಏಳುವ ಮೋಟರೂ

ಆ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಬೇಕಾದರೂ ಅಪ್ಪಣೆ ಬೇಕಿತ್ತು. ಟಿ.ವಿ.ಗೆ ಅಪ್ಪಣೆ, ಬಟ್ಟೆ ಒಗೆಯುವ ಯಂತ್ರಕ್ಕೆ ಅಪ್ಪಣೆ. ಫ್ರಿಜ್ಜಿಗಂತೂ ದಿನಕ್ಕೆ ಎಷ್ಟು ಸಲ ಅಪ್ಪಣೆ ಕೊಟ್ಟು ಎಷ್ಟು ಸಲ ವಾಪಸು ಪಡೆಯುತ್ತಿದ್ದರೋ ಅದರೊಳಗಿದ್ದ ಹಾಲಿಗೇ ಗೊತ್ತು. ಅಪ್ಪಣೆ ಕೊಡುವವರು ಮನೆಯ ಯಜಮಾನರು. ಅವರಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು, ಆದರೆ ಭಾವಮೈದ ಇಟ್ಟ ಹೆಸರೇ ಕೊನೆಗೆ ಗಟ್ಟಿಯಾಗಿ ಅಂಟಿಕೊಂಡಿತ್ತು: ಮೈನ್ ಸಾಹೇಬರು. ಮಹಡಿ ಮೆಟ್ಟಿಲ ಕೆಳಗೆ, ಮೈನ್ ಸ್ವಿಚ್ಚಿನ ಹಲಗೆಯ ಮುಂದೆ ಅವರು ನಿಲ್ಲುತ್ತಿದ್ದ ಠೀವಿ ನೋಡಿದವರು ಆ ಹೆಸರಿಗೆ ತಕರಾರು ತೆಗೆಯುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಮುಂದಿನ ಕೋಣೆಯಲ್ಲಿದ್ದ ಹಿಟ್ಟಿನ ಗಿರಣಿ. ಅದು ಹೆಂಡತಿಯದು. ಬೀದಿಯ ಅರ್ಧಕ್ಕರ್ಧ ಜನ ಗೋಧಿಯನ್ನೋ ಜೋಳವನ್ನೋ ಡಬ್ಬಿಯಲ್ಲಿ ಹೊತ್ತು ತಂದು ಅವಳ ಹತ್ತಿರ ಬೀಸಿಸಿಕೊಂಡು ಹೋಗುತ್ತಿದ್ದರು. ಗಿರಣಿಯ ಕಲ್ಲು ಒಳ್ಳೆಯದು, ಹಿಟ್ಟು ನುಣುಪು, ಕೈ ಶುದ್ಧ. ಕೆಟ್ಟದ್ದು ಒಂದೇ, ಅದರ ಮೋಟರು. ಮನೆಗೆ ಬರುತ್ತಿದ್ದದ್ದು ಬಡ ಸಿಂಗಲ್ ಫೇಸ್ ಲೈನು. ಮೋಟರು ಮಾತ್ರ ಏಳುವಾಗಲೇ ಆ ಲೈನಿನ ಪ್ರಾಣ ಹೀರುತ್ತಿತ್ತು. ಸ್ವಿಚ್ಚು ಒತ್ತಿದರೆ ಮೊದಲು ‘ಗೊಂಯ್’ ಎಂದು ಗೊಣಗುವುದು, ಮನೆಯ ದೀಪಗಳೆಲ್ಲ ಕೆಂಪಗಾಗಿ ಕಣ್ಣು ಮುಚ್ಚುವುದು, ಆಮೇಲೆ ಬೆಲ್ಟು ಒಮ್ಮೆ ಚೀರಿ ಚಕ್ರ ತಿರುಗುವುದು. ಆ ಹೊತ್ತಿನಲ್ಲಿ ಮನೆಯೊಳಗೆ ಬೇರೆ ಏನಾದರೂ ಓಡುತ್ತಿದ್ದರೆ ಫ್ಯೂಸು ಢಮಾರ್!

ಹೀಗಾಗಿ ಗಿರಣಿ ಹೊರಡುವ ಮೊದಲು ಒಂದು ದೊಡ್ಡ ಸಮಾರಂಭವೇ ನಡೆಯುತ್ತಿತ್ತು. ಸಾಹೇಬರು ಅಂಗಿಯ ಗುಂಡಿ ಹಾಕಿಕೊಂಡು (ಬನಿಯನ್ನಿನಲ್ಲಿ ಅವರು ಎಂದೂ ಅಧಿಕಾರ ಚಲಾಯಿಸಿದವರಲ್ಲ) ಹಲಗೆಯ ಮುಂದೆ ನಿಲ್ಲುವರು. ಜೇಬಿನಲ್ಲಿ ಪೆನ್ನಿರುವ ಜಾಗದಲ್ಲಿ ಫ್ಯೂಸ್ ತಂತಿಯ ಸುರುಳಿ.

"ಇಸ್ತ್ರಿ!"

"ತೆಗೆದಾಯ್ತು!"

"ಫ್ರಿಜ್ಜು!"

"ತೆಗೆದಾಯ್ತು!"

"ಅತ್ತೆಯವರೇ, ಟಿ.ವಿ.!"

"ಒಂದು ನಿಮಿಷ ತಡೀರಿ ಅಳಿಯಂದ್ರೇ, ಅವಳು ಬಾಗಿಲು ತೆಗೀತಿದ್ದಾಳೆ, ಒಳಗೆ ಯಾರಿದ್ದಾರೆ ಅಂತ ನೋಡಿಬಿಡ್ತೀನಿ."

"ಗಿರಣಿ ಮುಂದೆ ಜನ ಕಾಯ್ತಿದ್ದಾರೆ ಅತ್ತೆ!"

ಅತ್ತೆ ಟಿ.ವಿ. ಆರಿಸುತ್ತಿದ್ದರು. ಬಾಗಿಲ ಹಿಂದೆ ಯಾರಿದ್ದರು ಎನ್ನುವುದು ಅವರಿಗೆ ಎಷ್ಟೋ ಧಾರಾವಾಹಿಗಳಲ್ಲಿ ಕೊನೆಗೂ ತಿಳಿಯಲೇ ಇಲ್ಲ. ಮಹಡಿಯ ಮೇಲೆ ಭಾವಮೈದ, ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವವನು, ಕಂಪ್ಯೂಟರ್ ಮುಚ್ಚಿ "ಆಯ್ತು ಭಾವ!" ಎನ್ನುತ್ತಿದ್ದ. ಆಗ ಸಾಹೇಬರು ಬಲಗೈ ಮೇಲೆತ್ತಿ, ಇಡೀ ಮನೆ ಉಸಿರು ಹಿಡಿದಿದೆ ಎಂದು ಖಾತ್ರಿ ಮಾಡಿಕೊಂಡು, ಕೈ ಕೆಳಗಿಳಿಸಿ "ಹಾಕು!" ಎನ್ನುವರು. ಗೊಂಯ್, ಕತ್ತಲು, ಚೀತ್ಕಾರ. ದೀಪ ಮತ್ತೆ ಬೆಳ್ಳಗಾದಾಗ ಕಾಯುತ್ತಿದ್ದ ಗಿರಾಕಿಗಳೂ ನಿಟ್ಟುಸಿರು ಬಿಡುತ್ತಿದ್ದರು. ಆಮೇಲೆ ಒಂದೊಂದಾಗಿ ಅಪ್ಪಣೆಗಳು ಬಿಡುಗಡೆಯಾಗುತ್ತಿದ್ದವು. ಗಿರಣಿ ಓಡುವಷ್ಟು ಹೊತ್ತೂ ಸಾಹೇಬರು ಅಲ್ಲೇ ಒಂದು ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಿದ್ದರು. ಯಾವಾಗ ಫ್ಯೂಸು ಹೋಗುವುದೋ ಹೇಳಲಾಗದಲ್ಲ! ಆದ್ದರಿಂದ ಮೂಟೆ ಎತ್ತುವುದು, ಕಾಳು ಸುರಿಯುವುದು, ಡಬ್ಬಿ ಹಿಡಿಯುವುದು ಎಲ್ಲ ಹೆಂಡತಿಯ ಪಾಲಿಗೆ.

ಇದನ್ನು ಸೋಮಾರಿತನ ಎಂದುಕೊಂಡರೆ ಸಾಹೇಬರಿಗೆ ಅನ್ಯಾಯ ಮಾಡಿದಂತೆ. ಅವರ ಉದ್ಯೋಗ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಸಾವಿರ ಜನ ಬಂದು ಬಸ್ಸು ಯಾವಾಗ ಎಂದು ಕೇಳುತ್ತಾರೆ. ಸಾಹೇಬರು ಸರಿಯಾದ ಉತ್ತರವನ್ನೇ ಹೇಳುತ್ತಾರೆ. ಕೇಳಿದವರು ತಲೆಯಾಡಿಸಿ, ನೇರವಾಗಿ ಕಂಡಕ್ಟರನ ಹತ್ತಿರ ಹೋಗಿ ಅದನ್ನೇ ಮತ್ತೆ ಕೇಳುತ್ತಾರೆ. ಕಿಟಕಿಯಿಂದ ಇದೆಲ್ಲ ಕಾಣಿಸುತ್ತದೆ. ತನ್ನ ಮಾತನ್ನು ಕೇಳಿ, ಮತ್ತೊಬ್ಬರನ್ನು ಕೇಳದೆ, ಅದರಂತೆ ನಡೆಯುವ ಜನ ಈ ಭೂಮಂಡಲದಲ್ಲಿ ಇದ್ದದ್ದು ಆ ಮೆಟ್ಟಿಲ ಕೆಳಗೆ ಮಾತ್ರ. ಆ ಹಲಗೆಯ ಮುಂದೆ ನಿಂತಾಗ ಸಾಹೇಬರಿಗೆ ಬದುಕಿದ್ದು ಸಾರ್ಥಕ ಎನಿಸುತ್ತಿತ್ತು.

ಅಂಥ ಸಿಂಹಾಸನವನ್ನು ಬೇರೆ ಯಾರೂ ಅಲುಗಿಸಲಿಲ್ಲ. ಸಾಹೇಬರೇ ಅಲುಗಿಸಿದರು.

ಒಂದು ದಿನ ಫ್ಯೂಸ್ ತಂತಿ ಕೊಳ್ಳಲು ಮೋಟರ್ ಅಂಗಡಿಗೆ ಹೋಗಿದ್ದರು. ಅಂಗಡಿಯವನು ಹೊಸದಾಗಿ ಬಂದ ಒಂದು ಮೋಟರನ್ನು ಬಟ್ಟೆಯಿಂದ ಒರೆಸುತ್ತಿದ್ದ. "ನಿಮ್ಮಂಥ ತಿಳಿದವರಿಗೆ ನಾನೇನು ಹೇಳೋದು ಸಾರ್" ಎಂದು ಶುರುಮಾಡಿದ. ಸಾಹೇಬರನ್ನು ತಿಳಿದವರು ಎಂದು ಕರೆದವರು ಆವರೆಗೆ ಯಾರೂ ಇರಲಿಲ್ಲ. ಅವರು ಸ್ಟೂಲ್ ಎಳೆದುಕೊಂಡು ಕೂತರು, ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೇ ಎದ್ದರು. ಫ್ಯೂಸ್ ತಂತಿ ಕೊಳ್ಳುವುದನ್ನು ಮರೆತೇಬಿಟ್ಟರು.

ರಾತ್ರಿ ಊಟಕ್ಕೆ ಕೂತಾಗ ಭಾಷಣ ಆರಂಭವಾಯಿತು.

"ನೋಡೇ, ನಮ್ಮ ಹಳೇ ಮೋಟರ್ ಇದೆಯಲ್ಲ, ಅದು ನಮ್ಮ ದೊಡ್ಡಪ್ಪನ ಹಾಗೆ. ಕುರ್ಚಿಯಿಂದ ಏಳಬೇಕಾದ್ರೆ ಮನೆಮಂದಿಯೆಲ್ಲ ಸೇರಿ ಹಿಡಿದು ಎತ್ತಬೇಕು. ಎದ್ದ ಮೇಲೆ ಒಬ್ರೇ ಊರೆಲ್ಲ ಸುತ್ತಿ ಬರ್ತಾರೆ."

"ಯಾವ ದೊಡ್ಡಪ್ಪ?" ಎಂದರು ಅತ್ತೆ. "ನಿಮ್ಮ ಕಡೆಯವರೋ, ನಮ್ಮ ಕಡೆಯವರೋ?"

"ಉದಾಹರಣೆ ಅತ್ತೆ, ಉದಾಹರಣೆ! ಓಡೋವಾಗ ಎಷ್ಟು ಕರೆಂಟ್ ಬೇಕೋ, ಏಳೋವಾಗ ಅದರ ಆರು ಪಟ್ಟು ಎಳೆಯತ್ತೆ. ಅದಕ್ಕೇ ದೀಪ ಕೆಂಪಾಗೋದು, ಫ್ಯೂಸ್ ಹೋಗೋದು. ಹೊಸ ಮೋಟರ್ ಹಾಗಲ್ಲ. ಕುರ್ಚಿ ಕೈ ಹಿಡಿದು, ತಾನಾಗಿ, ಮೆಲ್ಲಗೆ ಏಳತ್ತೆ. ಕಡಿಮೆ ಕರೆಂಟು. ಇದೇ ಸಿಂಗಲ್ ಫೇಸ್ ಲೈನ್ ಸಾಕು. ದೀಪ ಮಿಣುಕೋದೂ ಇಲ್ಲ!"

ಹೆಂಡತಿ ಬಡಿಸುವ ಸೌಟನ್ನು ಹಾಗೇ ಹಿಡಿದು ನಿಂತಳು. ಕಾಯಲಾರದ ಗಿರಾಕಿಗಳು ಒಬ್ಬೊಬ್ಬರೇ ವೃತ್ತದ ಆಚೆಯ ಗಿರಣಿಗೆ ಜಾರುತ್ತಿದ್ದುದು ಅವಳೊಬ್ಬಳಿಗೆ ಗೊತ್ತಿತ್ತು.

"ಹಾಗಾದ್ರೆ ಯಾವಾಗ ಬೇಕಾದ್ರೂ ಹಾಕಬಹುದಾ?"

"ಯಾವಾಗ ಬೇಕಾದ್ರೂ!"

"ಫ್ರಿಜ್ ಓಡ್ತಿದ್ರೂ?"

"ಫ್ರಿಜ್ ಓಡ್ಲಿ, ಟಿ.ವಿ. ಓಡ್ಲಿ, ಇಸ್ತ್ರಿ ಕಾಯ್ಲಿ! ಬೆಲ್ಟೂ ಜಗ್ಗಲ್ಲ, ಬೇಗ ಸವೆಯಲ್ಲ. ಇನ್ನೊಂದು ಕೇಳು. ಕಣ್ಣು ಮಿಟುಕಿಸೋ ಹೊತ್ತು ಕರೆಂಟ್ ಹೋಗಿ ಬಂದ್ರೂ ನಿಲ್ಲಲ್ಲ. ಒಳಗೆ ಭಾರದ ಚಕ್ರ ಇರತ್ತೆ, ತಿರುಗ್ತಾನೇ ಇರತ್ತೆ. ಕರೆಂಟ್ ಬಂದ ತಕ್ಷಣ ಏನೂ ಆಗಿಲ್ಲ ಅನ್ನೋ ಹಾಗೆ ಮುಂದುವರಿಯತ್ತೆ. ನಮ್ಮ ಹಳೇದು ನಿಂತುಬಿಟ್ರೆ ಕಲ್ಲಿನ ಮಧ್ಯೆ ಕಾಳು ಕಚ್ಚಿಕೊಂಡು ಎಷ್ಟು ಪಾಡು ಪಡ್ತೀಯ, ಹೇಳು?"

ಭಾವಮೈದ ತಟ್ಟೆಯಿಂದ ತಲೆಯೆತ್ತಿದ. "ಹಾಗಾದ್ರೆ ಭಾವ, ಮೈನ್ ಹತ್ತಿರ ಯಾರೂ ನಿಲ್ಲೋದೇ ಬೇಡ?"

"ಬೇಡವೇ ಬೇಡ!" ಎಂದು ಸಾಹೇಬರು ಮೇಜು ಗುದ್ದಿದರು. ಲೋಟದ ನೀರು ಚೆಲ್ಲಿತು. ಆ ಕ್ಷಣದಲ್ಲಾದರೂ ಅವರು ತಮ್ಮ ಮಾತನ್ನು ತಾವೇ ಒಮ್ಮೆ ಕೇಳಿಸಿಕೊಳ್ಳಬೇಕಿತ್ತು. ಆದರೆ ಭಾಷಣ ಮಾಡುವವರಿಗೆ ಅಷ್ಟು ಪುರಸೊತ್ತು ಎಲ್ಲಿ?

ಹೊಸ ಮೋಟರು ಬಂತು. ಕೂರಿಸುವವರು ಬಂದು ಕೂರಿಸಿ ಹೋದರು. ಮೊದಲ ಸಲ ಹೊರಡಿಸುವಾಗ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಲಗೆಯ ಮುಂದೆ ನಿಂತು, ಕೈಯೆತ್ತಿ, ಇಳಿಸಿ, ಗುಡುಗಿದರು.

"ಹಾಕು!"

ಏನೂ ಆಗಲಿಲ್ಲ. ದೀಪ ತನ್ನ ಪಾಡಿಗೆ ಉರಿಯುತ್ತಿತ್ತು. ಟಿ.ವಿ.ಯಲ್ಲಿ ಯಾರೋ ಯಾರನ್ನೋ ಬೈಯುತ್ತಿದ್ದರು.

"ಹಾಕು ಅಂದೆ ಕಣೇ!"

"ಹಾಕಿ ಆಯ್ತು ರೀ! ಆಗಲೇ ತಿರುಗ್ತಿದೆ!"

ಸಾಹೇಬರು ಓಡಿ ಹೋಗಿ ನೋಡಿದರು. ಚಕ್ರ ನಿದ್ದೆಯಿಂದೆದ್ದವರಂತೆ ನಿಧಾನವಾಗಿ ಶುರುಮಾಡಿ, ನೋಡನೋಡುತ್ತಿದ್ದಂತೆ ವೇಗ ಹಿಡಿಯಿತು. ಗೊಂಯ್ ಇಲ್ಲ, ಚೀತ್ಕಾರವಿಲ್ಲ. ಗಿರಾಕಿಗಳು ಭೇಷ್ ಎಂದರು. ಹೆಂಡತಿ ಎಲ್ಲರ ಎದುರಿಗೆ "ಇದು ನಮ್ಮ ಯಜಮಾನರದೇ ಐಡಿಯಾ" ಎಂದಳು. ಅತ್ತೆ ಮೊದಲ ಬಾರಿಗೆ ಧಾರಾವಾಹಿಯ ಒಂದು ಬಾಗಿಲು ತೆರೆದದ್ದನ್ನೂ ಅದರ ಒಳಗಿದ್ದವರನ್ನೂ ಕಣ್ಣಾರೆ ಕಂಡಿದ್ದರು. ಆ ಖುಷಿಯಲ್ಲಿ ಅಳಿಯನ ತಟ್ಟೆಗೆ ತುಪ್ಪ ಇನ್ನೊಂದು ಚಮಚ ಹೆಚ್ಚಾಗಿ ಬಿತ್ತು. ಸಾಹೇಬರ ಎದೆ ಅಂಗಿಯ ಗುಂಡಿಗಳಿಗೆ ಭಾರವಾಯಿತು.

ಮರುದಿನ ಮಧ್ಯಾಹ್ನ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವಾಗಲೇ ಅವರಿಗೆ ಏನೋ ಸರಿಯಿಲ್ಲ ಎನಿಸಿತು. ಗಿರಣಿ ಓಡುತ್ತಿತ್ತು. ಟಿ.ವಿ. ಓಡುತ್ತಿತ್ತು. ಬಟ್ಟೆ ಯಂತ್ರ ಕುಣಿಯುತ್ತಿತ್ತು. ಭಾವಮೈದ ಒಂದು ಕೈಯಲ್ಲಿ ಇಸ್ತ್ರಿ ಮಾಡುತ್ತಾ, ಸಿಳ್ಳೆ ಹಾಕುತ್ತಿದ್ದ.

"ಯಾರನ್ನ ಕೇಳಿ ಹಾಕಿದ್ರಿ ಇದನ್ನೆಲ್ಲ?"

"ಕೇಳೋದು ಯಾತಕ್ಕೆ ಅಳಿಯಂದ್ರೇ?" ಎಂದರು ಅತ್ತೆ, ಟಿ.ವಿ.ಯಿಂದ ಕಣ್ಣು ಕೀಳದೆ. "ಯಾವಾಗ ಬೇಕಾದ್ರೂ ಹಾಕಬಹುದು ಅಂತ ನೀವೇ ಹೇಳಿದ್ರಲ್ಲ."

ಸಾಹೇಬರು ಮೆಟ್ಟಿಲ ಕೆಳಗೆ ಹೋದರು. ಕಾವಲು ಕುರ್ಚಿಯ ಮೇಲೆ ಯಾರೋ ಒಗೆಯುವ ಬಟ್ಟೆಯ ಬುಟ್ಟಿ ಇಟ್ಟಿದ್ದರು. ಅದನ್ನು ಕೆಳಗಿಳಿಸಿ ಕೂತರು. ಸಂಜೆಯವರೆಗೆ ಕೂತರು. ಒಬ್ಬರೂ ಕರೆಯಲಿಲ್ಲ. ಜೇಬಿನಲ್ಲಿದ್ದ ಫ್ಯೂಸ್ ತಂತಿಯನ್ನು ತೆಗೆದು ಬೆರಳಿಗೆ ಸುತ್ತಿದರು, ಬಿಚ್ಚಿದರು. ಬಸ್ ನಿಲ್ದಾಣದ ಕಿಟಕಿಯನ್ನು ಯಾರೋ ಕಿತ್ತು ತಂದು ಮನೆಯೊಳಗೇ ಕೂರಿಸಿದ ಹಾಗಿತ್ತು.

ಸಾಹೇಬರು ಸುಲಭಕ್ಕೆ ಸೋಲುವವರಲ್ಲ. ಮರುದಿನ ಗಿರಣಿ ಕೋಣೆಯ ಬಾಗಿಲಲ್ಲಿ ನಿಂತು ಗಂಭೀರವಾಗಿ ನುಡಿದರು.

"ಹೊಸ ಮೋಟರಿಗೆ ನಡುನಡುವೆ ವಿಶ್ರಾಂತಿ ಕೊಡಬೇಕು. ಯಾವಾಗ ಅಂತ ನಾನು ಹೇಳ್ತೀನಿ."

"ತಂಪಾಗಿದೆ ರೀ, ಮುಟ್ಟಿ ನೋಡಿ. ವಿಶ್ರಾಂತಿ ಬೇಕಾಗಿರೋದು ನನಗೆ."

"ಲೋಡ್ ಅಂತ ಒಂದಿರತ್ತೆ. ಎಲ್ಲಾ ಒಟ್ಟಿಗೆ ಹಾಕಿದ್ರೆ ಲೈನಿಗೆ ಲೋಡ್ ಆಗತ್ತೆ. ಅನುಭವಸ್ಥರು ಯಾರಾದ್ರೂ ನೋಡಿಕೊಳ್ತಾ ಇರಬೇಕು."

"ಆದಾಗ ನೋಡೋಣ" ಎಂದಳು ಹೆಂಡತಿ. "ಸ್ವಲ್ಪ ಸರಿದು ನಿಲ್ಲಿ, ಬೆಳಕಿಗೆ ಅಡ್ಡ ಬಂದಿದ್ದೀರಿ."

ಬೆಳಕಿಗೆ ಅಡ್ಡ! ಯಾವ ಮನುಷ್ಯನ ಕೈಯಿಳಿಯದೆ ಈ ಮನೆಯಲ್ಲಿ ಒಂದು ದೀಪವೂ ನೆಟ್ಟಗೆ ಉರಿಯುತ್ತಿರಲಿಲ್ಲವೋ ಆ ಮನುಷ್ಯ ಬೆಳಕಿಗೆ ಅಡ್ಡ! ಸಾಹೇಬರು ಹಲ್ಲು ಕಚ್ಚಿಕೊಂಡು ಮೆಟ್ಟಿಲ ಕೆಳಗೆ ಬಂದರು. ಅಲ್ಲಿ ಅವರ ತಲೆಯೊಳಗೆ ಒಂದು ದಿವ್ಯ ಯೋಜನೆ ರೂಪುಗೊಂಡಿತು. ಆದಾಗ ನೋಡೋಣ ಎಂದಳಲ್ಲ, ಆಗಿಯೇಬಿಡಲಿ! ಮೈನನ್ನು ಒಮ್ಮೆ ಕೆಳಗೆಳೆದು ಮೇಲೆ ತಳ್ಳಿದರೆ ಸಾಕು. ಗಿರಣಿ ನಿಂತುಬಿಡುತ್ತದೆ, ಕಲ್ಲಿನ ನಡುವೆ ಕಾಳು ಕಚ್ಚಿಕೊಳ್ಳುತ್ತದೆ, ಮನೆಯವರೆಲ್ಲ "ಭಾವ! ಅಳಿಯಂದ್ರೇ! ರೀ!" ಎಂದು ಓಡಿ ಬರುತ್ತಾರೆ. ಆಗ ತಾವು ನಿಧಾನವಾಗಿ ಗುಂಡಿ ಹಾಕಿಕೊಂಡು, "ನಾನು ಮೊದಲೇ ಹೇಳಿರಲಿಲ್ವಾ, ಲೋಡು!" ಎನ್ನಬಹುದು. ಗುಂಡಿಯನ್ನು ಮೊದಲೇ ಹಾಕಿಕೊಂಡು ಕೂತರು.

ಗಿರಣಿ ಭರಾಟೆಯಿಂದ ಓಡುವ ಹೊತ್ತು ನೋಡಿ ಎದ್ದರು. ಅತ್ತಿತ್ತ ಕಣ್ಣಾಡಿಸಿದರು. ಹಿಡಿಯನ್ನು ಗಟ್ಟಿಯಾಗಿ ಹಿಡಿದು ‘ಖಟ್’ ಎಂದು ಕೆಳಗೆಳೆದರು, ಒಮ್ಮೆ ಉಸಿರೆಳೆದುಕೊಂಡು ‘ಖಟ್’ ಎಂದು ಮೇಲೆ ತಳ್ಳಿದರು.

ಟಿ.ವಿ. ಸತ್ತಿತು. ಬಟ್ಟೆ ಯಂತ್ರ ಬಿಕ್ಕಳಿಸಿ ನಿಂತಿತು. ಮಹಡಿಯ ಮೇಲಿಂದ ಯಾರೋ ಕಾಲು ತುಳಿದಂಥ ಒಂದು ಕೂಗು ಕೇಳಿಸಿತು.

ಗಿರಣಿ?

ಗಿರಣಿ ಓಡುತ್ತಲೇ ಇತ್ತು. ಹೆಂಡತಿ ತಲೆಯೆತ್ತಿಯೂ ನೋಡಿರಲಿಲ್ಲ. ಹಿಟ್ಟು ಮೊದಲಿನಂತೆಯೇ ಸುರಿಯುತ್ತಿತ್ತು. ಕಣ್ಣು ಮಿಟುಕಿಸುವ ಹೊತ್ತು ಕರೆಂಟು ಹೋಗಿ ಬಂದರೂ ಈ ಮೋಟರು ನಿಲ್ಲುವುದಿಲ್ಲ ಎನ್ನುವುದು ಸಾಹೇಬರಿಗೆ ಈಗ ನೆನಪಾಯಿತು. ಊಟಕ್ಕೆ ಕೂತಾಗ ಅದನ್ನು ಹೇಳಿದವರು ಅವರೇ.

ಅಷ್ಟರಲ್ಲಿ ಭಾವಮೈದ ಮೆಟ್ಟಿಲಿಳಿದು ಬಂದ. "ಭಾವ! ಬೆಳಗ್ಗೆಯಿಂದ ಬರೆದ ನಕ್ಷೆ ಪೂರ್ತಿ ಹೋಯ್ತು! ಅಡುಗೆಮನೆ ಬಾಗಿಲು ಒಂದು ಇಟ್ಟು ಸೇವ್ ಮಾಡೋಣ ಅಂದ್ಕೊಂಡಿದ್ದೆ!"

ಅತ್ತೆ ಸೊಂಟ ಹಿಡಿದುಕೊಂಡು ಬಂದರು. "ಅವಳ ಗಂಡ ನಿಜ ಹೇಳೋಕೆ ಬಾಯಿ ತೆಗೆದಿದ್ದ ಅಳಿಯಂದ್ರೇ. ಬಾಯಿ ತೆಗೆದಿದ್ದ!"

ಸಾಹೇಬರ ಕೈ ಇನ್ನೂ ಮೈನ್ ಹಿಡಿಯ ಮೇಲೇ ಇತ್ತು. ಎಲ್ಲರೂ ಆ ಕೈಯನ್ನು ನೋಡಿದರು. ಸಾಹೇಬರೂ ನೋಡಿದರು, ಅದು ಬೇರೆ ಯಾರದೋ ಕೈ ಎನ್ನುವ ಹಾಗೆ.

"ಲೋಡು" ಎಂದರು.

ಹೆಂಡತಿ ಸೆರಗಿನಿಂದ ಹಿಟ್ಟು ಕೊಡವಿಕೊಳ್ಳುತ್ತಾ ಬಂದಳು. "ಲೋಡ್ ಆಗಿದ್ರೆ ಮೊದಲು ನಿಲ್ಲಬೇಕಾದ್ದು ಗಿರಣಿ ಅಲ್ವೇನ್ರೀ? ಕೇಳಿಸ್ಕೊಳ್ಳಿ."

ಎಲ್ಲರೂ ಕಿವಿಗೊಟ್ಟರು. ಮುಂದಿನ ಕೋಣೆಯಲ್ಲಿ ಗಿರಣಿ ಸುಖವಾಗಿ ಗುನುಗುತ್ತಿತ್ತು.

"ಕಣ್ಣು ಮಿಟುಕಿಸೋ ಹೊತ್ತು ಕರೆಂಟ್ ಹೋದ್ರೂ ನಿಲ್ಲಲ್ಲ" ಎಂದರು ಅತ್ತೆ, ಪಾಠ ಒಪ್ಪಿಸುವವರಂತೆ. "ಒಳಗೆ ಭಾರದ ಚಕ್ರ ಇರತ್ತೆ."

ಸಾಹೇಬರಿಗೆ ಅಳು ಬರುವುದೊಂದು ಬಾಕಿ. ಕುರ್ಚಿಯ ಮೇಲೆ ಕುಸಿದರು. (ಬುಟ್ಟಿ ಮತ್ತೆ ಅಲ್ಲಿಗೆ ಬಂದಿತ್ತು. ಬುಟ್ಟಿಯ ಮೇಲೇ ಕೂತರು.) "ಹೌದು, ನಾನೇ ಎಳೆದೆ. ಏನಾಯ್ತೀಗ? ಅಲ್ಲಿ ಕಿಟಕಿ ಹತ್ತಿರ ಬಂದವರು ನನ್ನ ಕೇಳಿ, ಆಮೇಲೆ ಕಂಡಕ್ಟರ್‌ನ ಕೇಳ್ತಾರೆ. ಇಲ್ಲಿ ನೀವು ಕೇಳೋದೇ ಇಲ್ಲ. ಈ ಮನೇಲಿ ನನ್ನ ಒಂದು ಮಾತು ಕೇಳೋರಿಲ್ಲ!"

"ಒಂದು ಮಾತು ಕೇಳಿದ್ವಲ್ಲ ರೀ" ಎಂದಳು ಹೆಂಡತಿ. "ಮೋಟರ್ ತಗೊಂಡ್ವಿ."

ಸಾಹೇಬರು ಬುಟ್ಟಿಯ ಮೇಲೆ ಇನ್ನಷ್ಟು ಕುಸಿದರು. ಆದರೆ ಹೆಂಡತಿ ನಗಲಿಲ್ಲ. ಗಂಡನ ಜೇಬಿನಿಂದ ಜೋತುಬಿದ್ದಿದ್ದ ಫ್ಯೂಸ್ ತಂತಿಯನ್ನು ನೋಡಿ ಅವಳಿಗೆ ನಿಜವಾಗಿಯೂ ಅಯ್ಯೋ ಎನಿಸಿತು. ಅಮ್ಮನನ್ನೂ ತಮ್ಮನನ್ನೂ ಅಡುಗೆಮನೆಗೆ ಕರೆದು ಏನೋ ಮಾತಾಡಿದಳು.

ಮರುದಿನ ಮಧ್ಯಾಹ್ನ ಸಾಹೇಬರು ಚಪ್ಪಲಿ ಬಿಡುವಷ್ಟರಲ್ಲಿ ಮುಂದಿನ ಕೋಣೆಯಿಂದ ಧ್ವನಿ ಬಂತು.

"ರೀ, ಬಂದ್ರಾ? ಗಿರಣಿ ಹಾಕಬಹುದಾ?"

ಸಾಹೇಬರು ಹಾಗೇ ನಿಂತರು. ಮಹಡಿಯಿಂದ ಇನ್ನೊಂದು ಧ್ವನಿ. "ಭಾವ, ಕಂಪ್ಯೂಟರ್ ಹಾಕಲಾ?"

"ಅಳಿಯಂದ್ರೇ, ಟಿ.ವಿ.?" ಎಂದರು ಅತ್ತೆ. ಅವರ ಕೈಯಲ್ಲಿ ರಿಮೋಟ್ ಆಗಲೇ ಬೆಚ್ಚಗಿತ್ತು.

ಸಾಹೇಬರು, ಬೇರೆ ಯಾವ ಸದ್ದೂ ಕಿವಿಗೆ ಬೀಳದೆ, ಒಂದು ಚಪ್ಪಲಿಯಲ್ಲೇ ಮೆಟ್ಟಿಲ ಕೆಳಗೆ ಧಾವಿಸಿದರು. ಕುರ್ಚಿಯ ಮೇಲೆ ಬುಟ್ಟಿ ಇರಲಿಲ್ಲ. ಗುಂಡಿ ಹಾಕಿದರು. "ಕಂಪ್ಯೂಟರ್, ಆಗಬಹುದು! ಟಿ.ವಿ., ಆಗಬಹುದು! ಇಸ್ತ್ರಿ..." ಇಸ್ತ್ರಿಯನ್ನು ಯಾರೂ ಕೇಳಿರಲಿಲ್ಲ, ಆದರೂ ಉದಾರವಾಗಿ ಅದನ್ನೂ ಕೊಟ್ಟರು. ಕೊನೆಗೆ ಬಲಗೈ ಮೇಲೆತ್ತಿ, ಒಂದು ಕ್ಷಣ ಹಿಡಿದು, ಇಳಿಸಿದರು. "ಹಾಕು!"

"ಅಪ್ಪಣೆ ಆಯ್ತಲ್ಲ" ಎಂದಳು ಹೆಂಡತಿ. "ಇನ್ನು ಇತ್ತ ಬನ್ನಿ. ಆ ಮೂಟೆ ಎತ್ತಿ ಕಾಳು ಸುರೀರಿ."

"ನಾನಾ? ಇಲ್ಲಿ ಕಾವಲು?"

"ಮೈನ್ ಹತ್ತಿರ ಯಾರೂ ನಿಲ್ಲೋದು ಬೇಡವೇ ಬೇಡ ಅಂದಿದ್ರಲ್ಲ. ಅದೂ ಹೊಸ ಮೋಟರಿನ ಅನುಕೂಲಾನೇ ಅಲ್ವಾ?"

ವಾದಕ್ಕೆ ಜಾಗವಿರಲಿಲ್ಲ. ಅಪ್ಪಣೆ ಕೊಟ್ಟ ಮನುಷ್ಯ ಅಷ್ಟೂ ಮಾಡದಿದ್ದರೆ ಹೇಗೆ? ಸಾಹೇಬರು ಮೂಟೆ ಎತ್ತಿದರು, ಕಾಳು ಸುರಿದರು, ಗಿರಣಿಯ ಹಿಟ್ಟು ಸುರಿಯುವ ಬಟ್ಟೆ ಮೂತಿಯ ಕೆಳಗೆ ಡಬ್ಬಿ ಹಿಡಿದು ಕುಕ್ಕರಗಾಲಿನಲ್ಲಿ ಕೂತರು. ನೋಡುತ್ತಿದ್ದಂತೆ ಮೀಸೆ ಬೆಳ್ಳಗಾಯಿತು, ಹುಬ್ಬು ಬೆಳ್ಳಗಾಯಿತು, ಜೇಬಿನ ಫ್ಯೂಸ್ ತಂತಿಯೂ ಬೆಳ್ಳಗಾಯಿತು. ಮನಸ್ಸು ಮಾತ್ರ ಹೂವಿನಂತೆ ಹಗುರವಾಗಿತ್ತು.

ಬಾಗಿಲ ಬಳಿ ಕೂತಿದ್ದ ಗಿರಾಕಿ ಹೆಂಗಸು ಬಾಗಿ ಕೇಳಿದಳು. "ಹೊಸ ಮೋಟರಾ ಸಾರ್? ಏನು ಅನುಕೂಲ ಇದರಿಂದ?"

ಸಾಹೇಬರು ಬೆನ್ನು ನೆಟ್ಟಗೆ ಮಾಡಿಕೊಂಡರು. ಒಮ್ಮೆ ಸೀನಿದರು. "ಒಂದಾ ಎರಡಾ ಅಮ್ಮ! ಮೊದಲನೇದು, ಎಷ್ಟೇ ಒಳ್ಳೇ ಮೋಟರ್ ಬರ್ಲಿ, ಈ ಮನೇಲಿ ನಾನು ಕೈ ಇಳಿಸಿ ‘ಹಾಕು’ ಅನ್ನೋವರೆಗೂ ಇದು ಒಂದು ಸುತ್ತೂ ತಿರುಗಲ್ಲ."

"ಹೌದಾ?" ಎಂದಳು ಆಕೆ, ಪಾಪ, ಏನೂ ಅರಿಯದವಳಂತೆ. ಕಾಲ ಬಳಿಯಿದ್ದ ತನ್ನ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. ಅದರ ತುಂಬ ಬಿಸಿ ಹಿಟ್ಟಿತ್ತು. "ನೀವು ಬರೋ ಹೊತ್ತಿಗೆ ನಂದು ಬೀಸಿ ಆಗಿತ್ತಲ್ಲ ಸಾರ್. ನಿಮ್ಮ ಕೈ ಮೇಲಿದ್ದಾಗ್ಲೂ ತಿರುಗ್ತಾನೇ ಇತ್ತು."

ಹೆಂಡತಿ ಗೋಡೆಯ ಕಡೆ ತಿರುಗಿಕೊಂಡಳು. ಒಳಗೆ ಟಿ.ವಿ.ಯ ಧ್ವನಿ ಇದ್ದಕ್ಕಿದ್ದಂತೆ ತಗ್ಗಿತು. ಸಾಹೇಬರು ತಿರುಗುತ್ತಿದ್ದ ಚಕ್ರವನ್ನು ನೋಡಿದರು, ತಲೆಯ ಮೇಲೆ ಒಂದಿಷ್ಟೂ ಮಿಣುಕದೆ ಉರಿಯುತ್ತಿದ್ದ ದೀಪವನ್ನು ನೋಡಿದರು, ಹೆಂಡತಿಯ ಕುಲುಕುತ್ತಿದ್ದ ಬೆನ್ನನ್ನು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಅದೇ ಎರಡನೇದು ಅಮ್ಮ" ಎಂದರು. "ಯಾವಾಗ ಶುರುವಾಯ್ತು ಅಂತ ಯಾರಿಗೂ ಗೊತ್ತೇ ಆಗಲ್ಲ."

ಹೀಗೆಂದು, ತುಂಬಿದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಮುಂದಿನ ಡಬ್ಬಿ ಇಟ್ಟರು.